ಚಿತ್ರದ ಅಂಚಿನಲ್ಲಿ ನಿಂತವರು

ಹಂಪಿಯ ಅತಿ ಹಳೆಯ ಛಾಯಾಚಿತ್ರಗಳನ್ನು ನೋಡಿದವರಲ್ಲಿ ಹೆಚ್ಚಿನವರು ಆಡುವ ಮೊದಲ ಮಾತು, ಆಗ ಅಲ್ಲಿ ಎಷ್ಟು ಪ್ರಶಾಂತವಾಗಿತ್ತು ಎಂಬುದು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಆ ಚಿತ್ರಗಳಲ್ಲಿ ವಿಠ್ಠಲನ ಗುಡಿಯ ಕಲ್ಲಿನ ರಥವಿದೆ, ಅದರ ಮೇಲೆ ಈಗ ಇಲ್ಲದ ಇಟ್ಟಿಗೆಯ ಶಿಖರವೂ ಇದೆ, ಕಂಬಗಳ ಸಾಲಿದೆ, ಬಂಡೆಗಳಿವೆ, ಗಿಡಗಂಟಿಗಳಿವೆ. ಮನುಷ್ಯರು ಮಾತ್ರ ಇಲ್ಲವೆನ್ನುವಷ್ಟು ವಿರಳ. ಹಂಪಿ ಹಾಳಾಗಿತ್ತು, ನಿಜ. ಆದರೆ ವಿರೂಪಾಕ್ಷನ ಪೂಜೆ ನಿಂತಿರಲಿಲ್ಲ, ಹೊಳೆ ದಾಟುವವರು ದಾಟುತ್ತಿದ್ದರು, ದನ ಮೇಯಿಸುವವರು ಮೇಯಿಸುತ್ತಿದ್ದರು. ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಅದರ ಮೇಲೆ ಬಿಂಬ ಮೂಡಬೇಕಾದರೆ ಒಳ್ಳೆಯ ಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಕಾಯಬೇಕಿತ್ತು. ಅಷ್ಟು ಹೊತ್ತಿನಲ್ಲಿ ಕ್ಯಾಮೆರಾದ ಮುಂದೆ ನಡೆದುಹೋದವನ ಗುರುತು ಆ ಕಾಗದದಲ್ಲಿ ಉಳಿಯುವುದಿಲ್ಲ. ನಿಂತು ನಾಲ್ಕು ಮಾತಾಡಿ ಹೋದವನು ಹೆಚ್ಚೆಂದರೆ ಒಂದು ಮಸುಕು ಕಲೆಯಾಗುತ್ತಾನೆ. ಬೀದಿ ಖಾಲಿಯಿದ್ದುದಕ್ಕಿಂತ ಹೆಚ್ಚಾಗಿ ಕಾಗದ ನಿಧಾನವಾಗಿತ್ತು.

ಕನ್ನಡ ನಾಡಿನ ಹಿಂದಿನ ದಿನನಿತ್ಯದ ಬದುಕನ್ನು ಹಳೆಯ ಫೋಟೊಗಳಲ್ಲಿ ಹುಡುಕುವ ಗೀಳು ನನಗೆ ಬಹಳ ಕಾಲದಿಂದ ಇದೆ. ಜನ ಏನು ಉಡುತ್ತಿದ್ದರು, ನೀರನ್ನು ಯಾವುದರಲ್ಲಿ ತುಂಬಿಡುತ್ತಿದ್ದರು, ಸಂತೆಯಲ್ಲಿ ಹೇಗೆ ಕೂರುತ್ತಿದ್ದರು ಎಂಬಂಥ ಸಣ್ಣ ವಿಷಯಗಳೇ ನನಗೆ ಬೇಕಾದವು. ಹೀಗೆ ಹುಡುಕುತ್ತ ಹೋದಂತೆ ಒಂದು ಅಭಿಪ್ರಾಯ ಗಟ್ಟಿಯಾಗುತ್ತ ಬಂದಿದೆ: ದಿನನಿತ್ಯದ ಬದುಕನ್ನು ತೋರಿಸುತ್ತೇವೆಂದು ಹೇಳಿಕೊಂಡು ತೆಗೆದ ಚಿತ್ರಗಳನ್ನು ಅನುಮಾನದಿಂದಲೇ ನೋಡಬೇಕು, ಬೇರೆ ಏನನ್ನೋ ತೋರಿಸಲು ತೆಗೆದ ಚಿತ್ರಗಳ ಅಂಚುಗಳನ್ನು ಮಾತ್ರ ಬಿಡದೆ ನೋಡಬೇಕು. ಯಾರೂ ಕರೆಯದೆ ಚೌಕಟ್ಟಿನೊಳಗೆ ಬಂದು ಸೇರಿದ ಬದುಕು ಹೆಚ್ಚು ನಂಬಿಕೆಗೆ ಅರ್ಹ.

ನಮ್ಮಲ್ಲಿ ಕ್ಯಾಮೆರಾ ಮೊದಲು ಮುಖ ಮಾಡಿದ್ದು ಮನುಷ್ಯರ ಕಡೆಗಲ್ಲ, ಕಲ್ಲಿನ ಕಡೆಗೆ. ಬೆಂಗಳೂರಿನ ದಂಡಿನಲ್ಲಿದ್ದ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ರಜೆ ಹಾಕಿ ಹಳೇಬೀಡು, ಬೇಲೂರುಗಳಿಗೆ ಹೋಗಿ ಚಿತ್ರ ತೆಗೆದ. ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಸ್ಮಾರಕಗಳ ಚಿತ್ರ ಬಿಡಿಸುವ ಕಲಾವಿದರಿಗೆ ಸಂಬಳ ಕೊಡುವುದಕ್ಕಿಂತ ಕ್ಯಾಮೆರಾ ಅಗ್ಗವೆಂದು ಲೆಕ್ಕ ಹಾಕಿ, ಮುಂಬಯಿ ಪ್ರಾಂತ್ಯಕ್ಕೆ ತೋಪುಪಡೆಯ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬವನನ್ನು ಸರ್ಕಾರಿ ಛಾಯಾಗ್ರಾಹಕನನ್ನಾಗಿ ನೇಮಿಸಿದರು. ಅವನು ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಸುತ್ತಿದ. ಅದೇ ವರ್ಷದ ಕೊನೆಗೆ ಅವನನ್ನು ಸೈನ್ಯ ಹಿಂದಕ್ಕೆ ಕರೆಸಿಕೊಂಡಾಗ ಆ ಕೆಲಸ ವೈದ್ಯನಾಗಿದ್ದ ವಿಲಿಯಂ ಹೆನ್ರಿ ಪಿಗೂವಿನ ಪಾಲಿಗೆ ಬಂತು. ಮೈಸೂರು ಸೀಮೆಯ ಗುಡಿಗಳನ್ನು ನೀಲ್ ಎಂಬ ಇನ್ನೊಬ್ಬ ಸೈನ್ಯದ ವೈದ್ಯ ಚಿತ್ರಿಸಿದ. ಈ ಮೂವರ ಚಿತ್ರಗಳು ಸೇರಿ 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವೊಂದು ಲಂಡನ್ನಿನಲ್ಲಿ ಹೊರಬಂತು. ಸುರಪುರದಲ್ಲಿ ಕೆಲಕಾಲ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್ ಅದಕ್ಕೆ ಚರಿತ್ರೆಯ ಭಾಗವನ್ನು ಬರೆದ. ಅಹಮದಾಬಾದ್ ಮತ್ತು ಬಿಜಾಪುರಗಳ ಬಗ್ಗೆಯೂ ಇದೇ ಸರಣಿಯಲ್ಲಿ ಪುಸ್ತಕಗಳು ಬಂದವು.

ಸರಣಿಗೆ ಹಣ ಒದಗಿಸಿದವರಲ್ಲಿ ಮುಂಬಯಿಯ ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್ ಒಬ್ಬರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ನಮ್ಮ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದ ಕಾಲ ಅದು. ಧಾರವಾಡ ಸೀಮೆಯ ಹತ್ತಿ ಎತ್ತುಗಳ ಬೆನ್ನ ಮೇಲೆ, ಬಂಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಹತ್ತಿಯ ಹಣದಲ್ಲಿ ಅಚ್ಚಾದ ಪುಸ್ತಕಗಳ ವಿಷಯ ಗುಡಿ, ಗುಮ್ಮಟಗಳೇ ಹೊರತು ಹತ್ತಿ ಬಿಡಿಸಿದ ಕೈಗಳಾಗಲಿ, ಹೊತ್ತು ಸಾಗಿಸಿದ ಎತ್ತುಗಳಾಗಲಿ ಅಲ್ಲ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಆದರೂ ಆ ಪುಟಗಳನ್ನು ತಿರುವುವಾಗಲೆಲ್ಲ ನನಗೆ ಇದು ನೆನಪಾಗದೆ ಇರುವುದಿಲ್ಲ.

ಈ ಗುಡಿಗಳ ಚಿತ್ರಗಳಲ್ಲಿಯೇ ಬದುಕು ನುಸುಳಿಕೊಂಡಿರುವುದು. ಐಹೊಳೆಯ ಹಳೆಯ ಚಿತ್ರಗಳನ್ನು ಇವತ್ತಿನ ಐಹೊಳೆಯೊಂದಿಗೆ ಇಟ್ಟು ನೋಡಬೇಕು. ಇಂದು ಹುಲ್ಲುಹಾಸಿನ ನಡುವೆ ಬೇಲಿಯೊಳಗೆ ನಿಂತಿರುವ ದುರ್ಗದ ಗುಡಿಯ ಚಾವಣಿಯ ಮೇಲೆ ಆಗ ಕಲ್ಲುಮಣ್ಣಿನ ಕೋಟೆಗೋಡೆಯ ಅವಶೇಷ ಹೇರಿಕೊಂಡಿತ್ತು. ಗುಡಿಗಳ ಗೋಡೆಗೆ ಒತ್ತಿಕೊಂಡೇ ಮಣ್ಣಿನ ಮಾಳಿಗೆಮನೆಗಳಿದ್ದವು. ಗುಡಿಯೊಳಗೇ ಸಂಸಾರ ಮಾಡಿದವರಿದ್ದರು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಅದರಲ್ಲಿ ವಾಸವಾಗಿದ್ದ ವ್ಯಕ್ತಿಯಿಂದ. ಬಿಜಾಪುರದಲ್ಲಿ ಗೋಲಗುಮ್ಮಟದ ಪಕ್ಕದ ಮಸೀದಿಯೇ ಕೆಲವು ಕಾಲ ಪ್ರವಾಸಿಗಳ ಬಂಗಲೆಯಾಗಿತ್ತು. ಸಂರಕ್ಷಣೆ ಎಂಬುದು ಬಂದ ಮೇಲೆ ಇವೆಲ್ಲ ತೆರವಾದವು, ಗೋಡೆಗಳ ಹೊಗೆಯ ಮಸಿ ತೊಳೆದುಹೋಯಿತು, ಕಟ್ಟಡಗಳು ತಮ್ಮ ಮೊದಲ ರೂಪಕ್ಕೆ ಹತ್ತಿರವಾದವು. ಅದು ಆಗಬೇಕಾದ ಕೆಲಸವೇ. ಆದರೆ ಸಾವಿರ ವರ್ಷ ಹಳೆಯದಾದ ಕಟ್ಟಡವೊಂದು ತನ್ನ ಆಯುಷ್ಯದ ಬಹುಭಾಗವನ್ನು ಯಾರದೋ ಮನೆಯಾಗಿ, ಕೊಟ್ಟಿಗೆಯಾಗಿ, ಕಣಜವಾಗಿ ಕಳೆದಿತ್ತೆಂಬುದಕ್ಕೆ ಈಗ ಕಣ್ಣಿಗೆ ಕಾಣುವ ಸಾಕ್ಷಿಯೆಂದರೆ ಈ ಫೋಟೊಗಳೇ. ಬಿಗ್ಸ್ ತೋರಿಸಬೇಕೆಂದಿದ್ದುದು ಚಾಲುಕ್ಯರ ಶಿಲ್ಪವನ್ನು. ಅದರ ಜೊತೆಗೆ ತನಗೆ ಬೇಡವಾಗಿದ್ದ ಒಂದು ಊರನ್ನೂ ಅವನು ಹಿಡಿದುಕೊಟ್ಟ.

ಗುಡಿಯ ಕಂಬದ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ಆ ಕಾಲದ ಛಾಯಾಗ್ರಾಹಕರ ವಾಡಿಕೆ. ಕಟ್ಟಡದ ಎತ್ತರ ಎಷ್ಟೆಂದು ದೂರದ ದೇಶದಲ್ಲಿ ನೋಡುವವರಿಗೆ ಅಂದಾಜಾಗಲೆಂದು ಅಳತೆಗೋಲಾಗಿ ನಿಂತವನು ಅವನು. ಶೀರ್ಷಿಕೆಯಲ್ಲಿ ಅವನ ಹೆಸರಿರುವುದಿಲ್ಲ. ಅವನಿದ್ದಾನೆ ಎಂಬ ಸೂಚನೆಯೂ ಇರುವುದಿಲ್ಲ. ಆದರೆ ಅಳತೆಗಾಗಿ ನಿಲ್ಲಿಸಿದವನಿಗೆ ಯಾರೂ ಹೀಗೆ ಉಟ್ಟುಕೋ, ಹಾಗೆ ಕೈ ಇಡು ಎಂದು ಹೇಳಿಕೊಡುವುದಿಲ್ಲ. ಅವನು ಆ ದಿನ ಉಟ್ಟ ಧೋತರದಲ್ಲಿ, ಆ ದಿನ ಸುತ್ತಿದ ರುಮಾಲಿನಲ್ಲಿ, ಹೆಗಲ ಮೇಲಿನ ಕಂಬಳಿಯೊಂದಿಗೆ ನಿಂತಿರುತ್ತಾನೆ. ಧೋತರ ಮೊಣಕಾಲಿನ ಮೇಲಿದೆಯೋ ಕೆಳಗಿದೆಯೋ, ಕಾಲಲ್ಲಿ ಕೆರವಿದೆಯೋ ಇಲ್ಲವೋ, ರುಮಾಲು ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂಬುದನ್ನು ತಿಳಿಯಲು ಇವನಿಗಿಂತ ಒಳ್ಳೆಯ ಆಧಾರ ನನಗೆ ಸಿಕ್ಕಿಲ್ಲ.

ಶಾಸನಗಳಿಗೂ ಕ್ಯಾಮೆರಾ ಹೀಗೆಯೇ ದುಡಿದಿದೆ. ಮೈಸೂರಿನ ಕಮಿಷನರ್ ಲೆವಿನ್ ಬೌರಿಂಗ್ ಹೇಳಿದ್ದರಿಂದ ಮೇಜರ್ ಡಿಕ್ಸನ್ 1865ರಲ್ಲಿ ರಾಜ್ಯದ ಶಾಸನಗಳ ಚಿತ್ರ ತೆಗೆದ, ಬಿ.ಎಲ್. ರೈಸ್ ಅವರ 1879ರ ಶಾಸನಗಳ ಅನುವಾದ ಆ ಚಿತ್ರಗಳಿಂದಲೇ ಹುಟ್ಟಿತು. ನಮ್ಮ ಚರಿತ್ರೆಯ ಓದು ಅಷ್ಟರಮಟ್ಟಿಗೆ ಛಾಯಾಗ್ರಹಣಕ್ಕೆ ಋಣಿ.

ಇನ್ನು ಮನುಷ್ಯರನ್ನೇ ತೋರಿಸಲು ಹೊರಟ ಚಿತ್ರಗಳ ವಿಷಯ. 1868ರಿಂದ 1875ರವರೆಗೆ ಸರ್ಕಾರ ಎಂಟು ಸಂಪುಟಗಳಲ್ಲಿ ಭಾರತದ ಜನರ ಚಿತ್ರಗಳನ್ನು ಪ್ರಕಟಿಸಿತು. ಅವುಗಳಲ್ಲಿ 468 ಫೋಟೊಗಳನ್ನು ಅಂಟಿಸಲಾಗಿತ್ತು. ಹೆಚ್ಚಿನ ಚಿತ್ರಗಳಲ್ಲಿ ಕೂತವರ ಹೆಸರಿಲ್ಲ; ಅವರ ಜಾತಿಯ, ಪಂಗಡದ ಹೆಸರಿದೆ, ಆ ಪಂಗಡದವರ ಸ್ವಭಾವ ಹೇಗೆಂಬ ಸರ್ಕಾರದ ಅಭಿಪ್ರಾಯವಿದೆ. 1857ರ ದಂಗೆಯ ನಂತರ ಆಳುವವರಿಗೆ ತಾವು ಆಳುತ್ತಿರುವವರು ಯಾರೆಂದು ವಿಂಗಡಿಸಿಕೊಳ್ಳುವ ಆತುರವಿತ್ತು. ಇಂಥ ಚಿತ್ರದಲ್ಲಿ ಉಡುಪು, ಒಡವೆ, ಆಯುಧಗಳೆಲ್ಲ ನಿಚ್ಚಳವಾಗಿ ಕಾಣುತ್ತವೆ, ಏಕೆಂದರೆ ಕಾಣಲೆಂದೇ ಅವನ್ನು ಜೋಡಿಸಿರುತ್ತಾರೆ. ಕೂತವನು ಮಾಮೂಲು ದಿನ ಹಾಗಿರುತ್ತಿದ್ದನೇ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಿತ್ರದ ಪೋಸ್ಟ್‌ಕಾರ್ಡುಗಳ ಹುಚ್ಚು ಹಬ್ಬಿದಾಗ ಇದೇ ಕೆಲಸ ಅಂಗಡಿಗೆ ಇಳಿಯಿತು. ಮದರಾಸಿನ ವೀಲೆ ಅಂಡ್ ಕ್ಲೈನ್‌ನಂಥ ಸ್ಟುಡಿಯೋಗಳೂ, ಹಿಗ್ಗಿನ್‌ಬಾಥಮ್ಸ್‌ನಂಥ ಪುಸ್ತಕದಂಗಡಿಗಳೂ ದಕ್ಷಿಣದ ಊರುಗಳ, ಕಸುಬುಗಳ ಕಾರ್ಡುಗಳನ್ನು ಮಾರಿದವು. ದಂಡಿನ ಸೋಲ್ಜರನೋ ಪ್ಲಾಂಟರನ ಹೆಂಡತಿಯೋ ಅದನ್ನು ಕೊಂಡು ಊರಿಗೆ ಕಳುಹಿಸುವುದು. ಬಟ್ಟೆ ಒಗೆಯುವ ಅಗಸ, ಮರದ ಕೆಳಗೆ ಕ್ಷೌರ ಮಾಡುವವ, ಚರ್ಮದ ಚೀಲದಲ್ಲಿ ನೀರು ಹೊರುವವ, ಹಾವಾಡಿಗ, ಹೀಗೆ ಒಂದು ನಿಶ್ಚಿತ ಪಟ್ಟಿಯೇ ಇತ್ತು. ಇವತ್ತು ‘ನೂರು ವರ್ಷದ ಹಿಂದಿನ ನಮ್ಮ ಬದುಕು’ ಎಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ ಇರಬೇಕೆಂದು ನನ್ನ ಅನುಮಾನ. ಅವನ್ನು ಗುರುತಿಸುವುದು ಕಷ್ಟವಲ್ಲ. ಅಗಸನ ಕೈಯಲ್ಲಿ ಎತ್ತಿ ಹಿಡಿದ ಬಟ್ಟೆ ಒಂದಿಷ್ಟೂ ಮಸುಕಾಗದೆ, ನೂಲು ನೂಲೂ ಕಾಣುವಷ್ಟು ಸ್ಪಷ್ಟವಾಗಿದ್ದರೆ, ಅವನು ಅದನ್ನು ಬಡಿಯುತ್ತಿರಲಿಲ್ಲ. ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದ. ಕ್ಷೌರದ ಕತ್ತಿ ಗಲ್ಲದ ಮೇಲಿದ್ದು, ಕ್ಷೌರಿಕನ ಕಣ್ಣು ಗಲ್ಲದ ಮೇಲಿಲ್ಲದೆ ಕ್ಯಾಮೆರಾದ ಕಡೆಗಿದ್ದರೆ ವಿಷಯ ಸ್ಪಷ್ಟ. ಕೆಲಸ ಮಾಡುವ ಮನುಷ್ಯ ಕದಲುತ್ತಾನೆ, ಕದಲಿದವನು ಅಂದಿನ ಗಾಜಿನ ಪ್ಲೇಟಿನಲ್ಲಿ ಮಸುಕಾಗುತ್ತಾನೆ. ಆದ್ದರಿಂದ ಮಸುಕಾಗಿರುವವನೇ ನಿಜವಾಗಿ ಕೆಲಸದಲ್ಲಿದ್ದವನು. ಹೆಂಗಸರ ಕಾರ್ಡುಗಳ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಕುಪ್ಪಸ ತೊಡದಿರುವುದು ಮಾಮೂಲಾಗಿದ್ದ ಕಡೆಗಳಲ್ಲಿ ಅದನ್ನೇ ಮಾರಾಟದ ಸರಕಾಗಿಸಿದ ಆ ಕಾರ್ಡುಗಳು ತೆಗೆದವನ ಬಗ್ಗೆ ಹೇಳುವಷ್ಟು ಅದರಲ್ಲಿರುವವಳ ಬಗ್ಗೆ ಹೇಳುವುದಿಲ್ಲ.

ಬದುಕು ತಾನಾಗಿ ನುಸುಳಿದ ಚಿತ್ರ, ಹೇಳಿ ನಿಲ್ಲಿಸಿ ತೆಗೆದ ಚಿತ್ರ, ಇವೆರಡರ ನಡುವೆ ನಿಲ್ಲುವ ಚಿತ್ರಗಳೂ ಇವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕರಾವಳಿ, ಧಾರವಾಡ, ಕೊಡಗುಗಳಲ್ಲಿ ತೆಗೆದ ಫೋಟೊಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಗ್ರಹದಲ್ಲಿ ಉಳಿದಿವೆ. ಈಗ ಮನೆಯಲ್ಲೇ ಕೂತು ನೋಡಬಹುದು. ತಮ್ಮ ಊರಿನ ದಾನಿಗಳಿಗೆ ಕೆಲಸದ ಪ್ರಗತಿ ತೋರಿಸುವುದು ಅವರ ಉದ್ದೇಶವಾಗಿತ್ತು. ಆದ್ದರಿಂದ ಶಾಲೆಯ ಹೆಣ್ಣುಮಕ್ಕಳು ಸಾಲಾಗಿ ನಿಂತಿರುತ್ತಾರೆ, ಹೆಂಚಿನ ಕಾರ್ಖಾನೆಯ ಆಳುಗಳು ಸಾಲಾಗಿ ನಿಂತಿರುತ್ತಾರೆ, ನೇಯ್ಗೆಯವರು ಮಗ್ಗದ ಮುಂದೆ ಕೂತು ಕ್ಯಾಮೆರಾ ನೋಡುತ್ತಾರೆ. ಎಲ್ಲವೂ ಹೇಳಿ ಕೂರಿಸಿದ್ದೇ. ಆದರೆ ಮಗ್ಗ ಸುಳ್ಳಲ್ಲ, ಹೆಂಚಿನ ಅಚ್ಚು ಸುಳ್ಳಲ್ಲ, ಒಣಗಲು ಹಾಕಿದ ಹಸಿ ಹೆಂಚಿನ ಸಾಲು ಸುಳ್ಳಲ್ಲ. ದುಡಿಮೆಯೆಂದರೆ ಹೊಲ, ದೋಣಿ, ಮಗ್ಗ ಎಂದಷ್ಟೇ ತಿಳಿದಿದ್ದ ನಾಡಿನಲ್ಲಿ ಗಂಟೆ ಬಾರಿಸಿದಾಗ ಒಳಗೆ ಹೋಗಿ ಗಂಟೆ ಬಾರಿಸಿದಾಗ ಹೊರಬರುವ ಬದುಕು ಶುರುವಾದ ಬಗೆಯನ್ನು ಇವುಗಳಷ್ಟು ಹತ್ತಿರದಿಂದ ತೋರಿಸುವ ಚಿತ್ರಗಳು ಕಡಿಮೆ.

ಆ ಹೆಂಚು ಹಳೆಯ ಚಿತ್ರಗಳ ಕಾಲ ಹೇಳುವುದಕ್ಕೂ ಸಹಾಯ ಮಾಡುತ್ತದೆ. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಅದಕ್ಕೆ ಮೊದಲಿನ ಚಿತ್ರದಲ್ಲಿ ಮಂಗಳೂರು ಹೆಂಚಿನ ಚಾವಣಿ ಇರುವುದು ಸಾಧ್ಯವಿಲ್ಲ. ಮುಳಿಹುಲ್ಲು ಇರಬೇಕು, ತೆಂಗಿನ ಮಡಲು ಇರಬೇಕು, ಇಲ್ಲವೇ ಕುಂಬಾರ ಮಾಡಿದ ನಾಡಹೆಂಚು ಇರಬೇಕು. ಬೆಂಗಳೂರಿನ ಬೀದಿಯ ಚಿತ್ರದಲ್ಲಿ ವಿದ್ಯುದ್ದೀಪದ ಕಂಬ ಕಂಡರೆ ಅದು 1905ರ ಆಗಸ್ಟ್ ನಂತರದ್ದು, ಮೈಸೂರಿನದಾದರೆ 1908ರ ನಂತರದ್ದು. ಆದರೆ ತಂತಿ ಕಂಡ ಕೂಡಲೇ ವಿದ್ಯುತ್ತೆಂದು ಹಾರಬಾರದು, ಟೆಲಿಗ್ರಾಫಿನ ಕಂಬಗಳು ಎಷ್ಟೋ ವರ್ಷ ಮೊದಲೇ ಬಂದಿದ್ದವು. ಬೆಂಗಳೂರಿನ ಬೀದಿಯಲ್ಲಿ ನಲ್ಲಿಯಿದ್ದರೆ ಹೆಸರಘಟ್ಟದ ನೀರು ಬಂದ 1896ರ ನಂತರದ್ದೆಂದು ಊಹಿಸಬಹುದು. ಮಣ್ಣಿನ ಕೊಡಗಳ ನಡುವೆ ಸೀಮೆಎಣ್ಣೆಯ ಚೌಕ ಡಬ್ಬವೊಂದು ನೀರಿನ ಪಾತ್ರೆಯಾಗಿ ನಿಂತಿದ್ದರೆ, ದೂರದೇಶದ ಎಣ್ಣೆ ಆ ಓಣಿಯವರೆಗೂ ಬಂದು ಬುಡ್ಡಿದೀಪದಲ್ಲಿ ಉರಿದು ಮುಗಿದ ಮೇಲಿನ ಚಿತ್ರ ಅದು. ಶೀರ್ಷಿಕೆಯಲ್ಲಿ ಬರೆದ ಇಸವಿಗಿಂತ ನಾನು ಈ ಡಬ್ಬವನ್ನು ಹೆಚ್ಚು ನಂಬುತ್ತೇನೆ.

ಬರಗಾಲದ ಚಿತ್ರಗಳ ಮಾತು ಬೇರೆ. 1876ರಿಂದ 1878ರವರೆಗಿನ ಬರದಲ್ಲಿ ಮೈಸೂರು ಸಂಸ್ಥಾನ ಎಷ್ಟು ಜನರನ್ನು ಕಳೆದುಕೊಂಡಿತೆಂಬುದು ಜನಗಣತಿಯಲ್ಲೇ ಇದೆ: 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಆ ಬರದ ಪ್ರಸಿದ್ಧ ಫೋಟೊಗಳು ಮದರಾಸು ಪ್ರಾಂತ್ಯದಲ್ಲಿ ವಿಲ್ಲೋಬಿ ಹೂಪರ್ ಎಂಬ ಸೈನ್ಯಾಧಿಕಾರಿ ತೆಗೆದವು. ಮೂಳೆ ಎಣಿಸುವಂತಿರುವ ಮನುಷ್ಯರನ್ನು, ಮಕ್ಕಳನ್ನು ಗುಂಪಾಗಿ ಕೂರಿಸಿ, ನಿಲ್ಲಿಸಿ, ಮಲಗಿಸಿ, ಸ್ಟುಡಿಯೋದಲ್ಲಿ ಸಂಸಾರದ ಚಿತ್ರ ತೆಗೆಯುವ ಕ್ರಮದಲ್ಲಿಯೇ ತೆಗೆದಿದ್ದಾನೆ. ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದ ಜನರ ಚಿತ್ರ 1877ರ ಅಕ್ಟೋಬರಿನಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದರಲ್ಲಿ ಬಂತು. ಆಗ ಪತ್ರಿಕೆಗಳಿಗೆ ಫೋಟೊವನ್ನು ನೇರವಾಗಿ ಅಚ್ಚು ಹಾಕುವ ವಿದ್ಯೆ ಬಂದಿರಲಿಲ್ಲವಾದ್ದರಿಂದ ಎಲ್ಲವನ್ನೂ ಮರದಲ್ಲಿ ಕೊರೆದು ಅಚ್ಚೊತ್ತಬೇಕಿತ್ತು, ಕೊರೆಯುವವನ ಕೈಯಲ್ಲಿ ಹಸಿದವರ ಮುಖಗಳು ಒಂದಿಷ್ಟು ಯುರೋಪಿನವರ ಹಾಗೆ ಆಗಿಬಿಡುವುದೂ ಇತ್ತು. ಬರದಲ್ಲಿ ಜನ ಮೊದಲು ಮಾರಿದ್ದು ಒಡವೆ, ಆಮೇಲೆ ಪಾತ್ರೆ, ಆಮೇಲೆ ದನ, ಕೊನೆಗೆ ಮನೆಯ ತೊಲೆ, ಬಾಗಿಲು. ಈ ಚಿತ್ರಗಳಲ್ಲಿ ಅಂಚಿನಲ್ಲಿ ನೋಡಲು ಏನೂ ಉಳಿದಿಲ್ಲ.

ದೊಡ್ಡ ಕಾಮಗಾರಿಗಳ ಫೋಟೊಗಳನ್ನು ಎಂಜಿನಿಯರುಗಳು ತೆಗೆಸಿದರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಇಂಥ ಚಿತ್ರಗಳಲ್ಲಿ ನಡುವೆ ಯಂತ್ರವೋ ಕಲ್ಲಿನ ಗೋಡೆಯೋ ಇರುತ್ತದೆ, ಬದಿಯಲ್ಲಿ ಹ್ಯಾಟು ಹಾಕಿದ ಅಧಿಕಾರಿ, ಹಿಂದೆಲ್ಲೋ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರ ಸಾಲು. ಕಾಮಗಾರಿ ಎಷ್ಟು ಅಡಿ ಮೇಲೆದ್ದಿತೆಂದು ದಾಖಲಿಸುವುದಷ್ಟೇ ಬೇಕಾಗಿತ್ತು. ಭಾರ ಹೊತ್ತು ಓರೆ ಹಲಗೆಯ ಮೇಲೆ ನಡೆಯುವಾಗ ಸೆರಗನ್ನು ಹೇಗೆ ಸಿಕ್ಕಿಸುತ್ತಿದ್ದರು, ತಲೆಯ ಮೇಲೆ ಸಿಂಬಿ ಯಾವ ಬಟ್ಟೆಯದು, ಎಷ್ಟು ವಯಸ್ಸಿನ ಹುಡುಗಿಯರು ಆ ಸಾಲಿನಲ್ಲಿದ್ದರು ಎಂಬುದನ್ನು ಬರೆದಿಟ್ಟ ವರದಿಗಳು ಕಡಿಮೆ. ಹಿನ್ನೆಲೆಯಲ್ಲಿ ಕಾಣುವ ಈ ಸಾಲನ್ನು ದೊಡ್ಡದು ಮಾಡಿ ನೋಡುವುದೇ ಅದಕ್ಕೆ ದಾರಿ.

ಇಷ್ಟೆಲ್ಲ ಹೇಳಿದ ಮೇಲೆ, ಕ್ಯಾಮೆರಾ ನಮ್ಮವರ ಕೈಗೇ ಬಂದಾಗಲಾದರೂ ದಿನನಿತ್ಯದ ಬದುಕು ಚಿತ್ರದ ನಡುವಿಗೆ ಬಂತೇ ಎಂದು ಕೇಳಬಹುದು. ಬರಲಿಲ್ಲ. ಅದಕ್ಕೆ ಕಾರಣ ಮಾತ್ರ ನನಗೆ ಬಹಳ ಇಷ್ಟವಾದದ್ದು.

ಬೆಂಗಳೂರಿನಲ್ಲಿ ಜಿ.ಕೆ. ವೇಲ್ ಸ್ಟುಡಿಯೋ ಆರಂಭವಾದದ್ದು 1910ರಲ್ಲಿ. ಮುಂದಿನ ಕೆಲವು ದಶಕಗಳಲ್ಲಿ ತಾಲ್ಲೂಕು ಕೇಂದ್ರಗಳಿಗೂ ಸ್ಟುಡಿಯೋಗಳು ಬಂದವು. ಬಣ್ಣದ ಪರದೆಯ ಮೇಲೆ ಯಾವುದೋ ಅರಮನೆಯ ಮೆಟ್ಟಿಲು, ಕೊಳ, ಹಂಸ. ಮುಂದೆ ಕೈಯಿರುವ ಕುರ್ಚಿ, ಪಕ್ಕದಲ್ಲಿ ಎತ್ತರದ ಸಣ್ಣ ಮೇಜು, ಅದರ ಮೇಲೆ ಹೂದಾನಿ, ದಪ್ಪ ಪುಸ್ತಕ. ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವರು ಬಹಳ ಮಂದಿಯಿದ್ದ ಕಾಲ. ಬದುಕಿರುವಾಗ ಒಂದೂ ಚಿತ್ರ ತೆಗೆಸದವರನ್ನು ತೀರಿಕೊಂಡ ಮೇಲೆ ಕುರ್ಚಿಯಲ್ಲಿ ಕೂರಿಸಿ ತೆಗೆಸಿದ್ದೂ ಉಂಟು. ಹಾಗಿರುವಾಗ ಹಣ ಖರ್ಚು ಮಾಡಿ, ಹತ್ತಾರು ಮೈಲಿ ಬಂಡಿಯಲ್ಲಿ ಬಂದು ಫೋಟೊ ತೆಗೆಸಿಕೊಳ್ಳುವವನು ತನ್ನ ಹರಿದ ಕಂಬಳಿಯನ್ನೂ ಕೆಸರು ಮೆತ್ತಿದ ಧೋತರವನ್ನೂ ಏಕೆ ತೋರಿಸಿಯಾನು? ಅವನು ಹೊಸ ರುಮಾಲು ಸುತ್ತಿದ; ಸ್ಟುಡಿಯೋದವನೇ ಇಟ್ಟಿದ್ದ ಕೋಟನ್ನು ತೊಟ್ಟ; ಹೆಂಡತಿಗೆ ನೆರೆಯವರಿಂದ ತಂದ ಕಾಸಿನ ಸರ ಹಾಕಿಸಿದ. ದಿನನಿತ್ಯದ ಬದುಕು ಈ ಚಿತ್ರಗಳಲ್ಲಿ ಇಲ್ಲದಿರುವುದು ಯಾರದೋ ಅಲಕ್ಷ್ಯದಿಂದಲ್ಲ. ಅದನ್ನು ಅವರು ತಾವಾಗಿಯೇ ಹೊರಗಿಟ್ಟರು. ವಿಂಗಡಣೆಯ ಸಂಪುಟಗಳಲ್ಲಿ, ಪೋಸ್ಟ್‌ಕಾರ್ಡುಗಳಲ್ಲಿ ತಮ್ಮಂಥವರು ಹೇಗೆ ಕಾಣಿಸಿಕೊಂಡಿದ್ದರೆಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ಆದರೆ ತಾನು ಹೇಗೆ ಉಳಿಯಬೇಕೆಂದು ತಾನೇ ತೀರ್ಮಾನಿಸುವ ಅವಕಾಶ ಸಿಕ್ಕಾಗ ಅವರು ಅದನ್ನು ಬಿಟ್ಟುಕೊಡಲಿಲ್ಲ. ಪರದೆಯ ಹಂಸವನ್ನು ನೋಡಿ ನಗುವವರ ಜೊತೆ ನನಗೆ ನಗಲು ಆಗುವುದಿಲ್ಲ.

ಹಾಗಿದ್ದರೂ ಅಂಚು ಎಂಬುದು ಇಲ್ಲಿಯೂ ಇದ್ದೇ ಇದೆ. ಸ್ಟುಡಿಯೋ ಚಿತ್ರಗಳಲ್ಲಿ ನಾನು ಮೊದಲು ನೋಡುವುದು ಪಾದಗಳನ್ನು. ಮೇಲೆ ಕೋಟು, ಕೈಗೆ ಗಡಿಯಾರ, ಕೆಳಗೆ ಬರಿಗಾಲು. ಹರಡಿಕೊಂಡ ಬೆರಳುಗಳು, ಒಡೆದ ಹಿಮ್ಮಡಿ. ಕೋಟು ಬೇರೆಯವರದಿರಬಹುದು, ಪಾದ ಸ್ವಂತದ್ದು. ನಮ್ಮ ಮನೆಯ ಗೋಡೆಯ ಮೇಲೆ ತೂಗುಹಾಕಿರುವ ಹಿರಿಯರ ಚಿತ್ರದಲ್ಲಿಯೂ ಅಷ್ಟೇ, ಮುಖದಲ್ಲಿ ಗಾಂಭೀರ್ಯ ತಂದುಕೊಳ್ಳಲು ಅವರು ಪಟ್ಟ ಶ್ರಮವೆಲ್ಲ ಕಾಲಿನ ಹತ್ತಿರ ಬಂದು ಸಡಿಲವಾಗಿದೆ. ಶಾಲೆಯ, ಕಚೇರಿಯ ಗುಂಪುಚಿತ್ರಗಳಲ್ಲಿ ಈ ಅಂಚು ನಿಜವಾದ ಅಂಚೇ ಆಗಿರುತ್ತದೆ: ಕೆಳಗಿನ ರಟ್ಟಿನ ಮೇಲೆ ‘ಕುಳಿತವರು ಎಡದಿಂದ ಬಲಕ್ಕೆ, ನಿಂತವರು ಎಡದಿಂದ ಬಲಕ್ಕೆ’ ಎಂದು ಬಿ.ಎ., ಎಲ್.ಟಿ. ಸಮೇತ ಎಲ್ಲರ ಹೆಸರು ಅಚ್ಚಾಗಿರುತ್ತದೆ. ಕೊನೆಯಲ್ಲಿ ಪಟ್ಟಿ ಹಾಕಿಕೊಂಡು ನೆಟ್ಟಗೆ ನಿಂತ ಜವಾನನ ಹೆಸರು ಇದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ.

ಅಂಚಿನಲ್ಲಿಯೂ ಸಿಗದೆ ಹೋಗಿರುವ ಬದುಕು ಬಹಳಷ್ಟಿದೆ. ಅದರಲ್ಲಿ ಮೊದಲನೆಯದು ಅಡುಗೆಮನೆ. ಹಳೆಯ ಫೋಟೊಗಳನ್ನೇ ನಂಬಿ ಹೋದರೆ ನಮ್ಮ ಹಿಂದಿನವರು ಜಗಲಿಯ ಮೇಲೆಯೇ ಬದುಕಿದ್ದರೆಂದು ತಿಳಿಯಬೇಕಾಗುತ್ತದೆ, ಏಕೆಂದರೆ ಬೆಳಕಿದ್ದದ್ದು ಜಗಲಿಯಲ್ಲಿ. ಬೆಳಕಿಂಡಿಯೊಂದನ್ನು ಬಿಟ್ಟರೆ ಕತ್ತಲೆಯೇ ತುಂಬಿದ, ಹೊಗೆ ಹಿಡಿದ ಒಳಮನೆಯಲ್ಲಿ ಅಂದಿನ ಪ್ಲೇಟಿನ ಮೇಲೆ ಏನೂ ಮೂಡುತ್ತಿರಲಿಲ್ಲ. ಮೂಡುವಂತಿದ್ದರೂ ಕ್ಯಾಮೆರಾ ಹಿಡಿದ ಪರಗಂಡಸನ್ನು ಒಲೆಯ ಹತ್ತಿರ ಬಿಡುವವರು ಯಾರು? ಮನೆಯ ಹೆಂಗಸು ದಿನದ ಬಹುಭಾಗ ಕಳೆದ ಜಾಗ ಹೀಗಾಗಿ ಚಿತ್ರಗಳಿಂದ ಪೂರ್ತಿ ಹೊರಗುಳಿಯಿತು. ಬೀಸುವ ಕಲ್ಲು, ಒರಳು, ಒನಕೆಗಳು ಫೋಟೊಗಳಲ್ಲಿ ಸಿಗುವುದು ಅಂಗಳದ ಬಿಸಿಲಿನಲ್ಲಿ. ಬೀಸುತ್ತಿದ್ದದ್ದು ಕೋಳಿ ಕೂಗುವ ಹೊತ್ತಿಗೆ, ಕತ್ತಲಲ್ಲಿ ಎಂಬುದನ್ನು ತಿಳಿಯಲು ಬೀಸುವ ಪದಗಳನ್ನು ಕೇಳಬೇಕೇ ಹೊರತು ಚಿತ್ರಗಳಿಂದ ಅದು ತಿಳಿಯುವುದಿಲ್ಲ.

ಎರಡನೆಯದು ಮಳೆಗಾಲ. ಮಲೆನಾಡು, ಕರಾವಳಿಗಳಲ್ಲಿ ವರ್ಷದ ಮೂರನೆಯ ಒಂದು ಭಾಗ ಮಳೆ. ಅಲ್ಲಿನ ಬೇಸಾಯ, ಸೌದೆ, ಹಪ್ಪಳ ಸಂಡಿಗೆ, ದನದ ಹುಲ್ಲು, ಮದುವೆಯ ಮುಹೂರ್ತ ಎಲ್ಲವೂ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಡೆಯುವಂಥವು. ಫೋಟೊಗಳಲ್ಲಿ ಮಾತ್ರ ಅಲ್ಲಿ ಸದಾ ಬಿಸಿಲು. ಮಂದ ಬೆಳಕಿನಲ್ಲಿ ಚಿತ್ರ ಮೂಡದು, ತೇವಕ್ಕೆ ಪ್ಲೇಟು ಕೆಡುತ್ತದೆ, ಘಟ್ಟದ ದಾರಿಯಲ್ಲಿ ಸಾಮಾನು ಹೊರಲು ಆಳು ಸಿಗುವುದಿಲ್ಲ. ಗಾಜಿನ ಫಲಕಕ್ಕೆ ದ್ರಾವಣ ಬಳಿದು ಅದು ಒಣಗುವ ಮೊದಲೇ ಚಿತ್ರ ತೆಗೆದು, ತೊಳೆದು ಮುಗಿಸಬೇಕಾಗಿದ್ದ ದಿನಗಳಲ್ಲಿ ಕತ್ತಲೆಯ ಡೇರೆಯನ್ನೂ ಜೊತೆಗೆ ಹೊರಬೇಕಿತ್ತೆಂಬುದನ್ನು ನೆನೆದರೆ ಛಾಯಾಗ್ರಾಹಕರನ್ನು ದೂರುವಂತೆಯೂ ಇಲ್ಲ. ಮಳೆಗೆ ಮರೆಯಾಗಿ ತಲೆ, ಬೆನ್ನು ಮುಚ್ಚುವ ಗೊರಬು ಹೊತ್ತು ನಾಟಿ ಮಾಡುವ ಹೆಂಗಸರ ಹಳೆಯ ಚಿತ್ರ ಸಿಕ್ಕರೆ ನಾನು ಮೊದಲು ನೆಲದ ಮೇಲಿನ ನೆರಳನ್ನು ನೋಡುತ್ತೇನೆ. ನೆರಳು ಗಾಢವಾಗಿದ್ದರೆ ಗೊರಬನ್ನು ಯಾರೋ ಹೊರಿಸಿದ್ದಾರೆ.

ವೇಗದ ಫಿಲ್ಮು, ಕೈಯಲ್ಲಿ ಹಿಡಿಯುವ ಕ್ಯಾಮೆರಾ ಬಂದ ಮೇಲೆ ಈ ಅಡ್ಡಿಗಳು ಕಳೆದವು. ಮೈಸೂರಿನ ಟಿ.ಎಸ್. ಸತ್ಯನ್ ನಲವತ್ತರ ದಶಕದಿಂದ ಆರು ದಶಕಗಳ ಕಾಲ ತೆಗೆದ ಚಿತ್ರಗಳಲ್ಲಿ ಸಾಮಾನ್ಯ ಜನ ಮೊದಲ ಬಾರಿಗೆ ಅಂಚಿನಿಂದ ನಡುವಿಗೆ ಬಂದರು. ಪಂಗಡದ ಮಾದರಿಗಳಾಗಿ ಅಲ್ಲ, ಆಡುತ್ತಿರುವ, ದುಡಿಯುತ್ತಿರುವ, ಹರಟುತ್ತಿರುವ ಮನುಷ್ಯರಾಗಿ. ಅವರ ಮಕ್ಕಳ ಚಿತ್ರಗಳನ್ನು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಲಾಯಿತು. ಅವರ ಚಿತ್ರಗಳಲ್ಲಿ ಯಾರೂ ಉಸಿರು ಬಿಗಿಹಿಡಿದಿಲ್ಲವೆನ್ನುವುದು ನನಗೆ ಅವರ ದೊಡ್ಡಸ್ತಿಕೆಯಾಗಿ ಕಾಣುತ್ತದೆ. ಅದು ಕ್ಯಾಮೆರಾದ ವೇಗದಿಂದ ಮಾತ್ರ ಆಗುವಂಥದ್ದಲ್ಲ.

ಆದರೆ ಅವರೊಬ್ಬರು ವೃತ್ತಿಯವರು. ಮನೆಮನೆಗೆ ಬಂದ ಆಗ್ಫಾ ಕ್ಲಿಕ್ ಥರದ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ಆ ಹನ್ನೆರಡನ್ನು ಯಾರೂ ಬಟ್ಟೆ ಒಣಹಾಕುವುದಕ್ಕೋ ಕಾಳು ಹಸನು ಮಾಡುವುದಕ್ಕೋ ಖರ್ಚು ಮಾಡಲಿಲ್ಲ. ನಾಮಕರಣ, ಉಪನಯನ, ಮದುವೆ, ಜೋಗದ ಪ್ರವಾಸ. ಎಲ್ಲರೂ ಸಾಲಾಗಿ ನಿಂತು, ಸೂರ್ಯನಿಗೆ ಮುಖ ಮಾಡಿ, ಕಣ್ಣು ಕಿರಿದು ಮಾಡಿಕೊಂಡು. ಈ ಚಿತ್ರಗಳಿಗೂ ಈಗ ವಯಸ್ಸಾಯಿತು, ಇವುಗಳ ಅಂಚನ್ನೂ ನೋಡುವ ಕಾಲ ಬಂತು: ಹಿಂದೆ ಕಾಣುವ ಮರ್ಫಿ ರೇಡಿಯೊ, ಮೊಳೆಗೆ ತೂಗುಹಾಕಿದ ಕ್ಯಾಲೆಂಡರು, ಗೋಡೆಗೆ ಒರಗಿಸಿದ ಈಚಲು ಚಾಪೆ, ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿರುವ, ಸಾಲಿನಲ್ಲಿ ನಿಲ್ಲಲು ಯಾರೂ ಕರೆಯದ ಹೆಂಗಸು.

ಸಂಗ್ರಹಾಲಯಗಳ ಪಟ್ಟಿಗಳಲ್ಲಿ ಈ ಅಂಚಿಗೆ ಇನ್ನೂ ಜಾಗ ಸಿಕ್ಕಿಲ್ಲ. ಐಹೊಳೆ ಎಂದು ಹುಡುಕಿದರೆ ಗುಡಿಗಳು ಬರುತ್ತವೆ, ವಿವರಣೆಯಲ್ಲಿ ಶತಮಾನ, ಶೈಲಿ, ಛಾಯಾಗ್ರಾಹಕನ ಹೆಸರು ಬರುತ್ತದೆ. ಬೆರಣಿ ತಟ್ಟಿದ ಗೋಡೆ, ಕಟ್ಟಿಹಾಕಿದ ಎಮ್ಮೆ, ಕಂಬಳಿ ಹೊದ್ದವನು ಎಂದು ಹುಡುಕಿದರೆ ಏನೂ ಬರುವುದಿಲ್ಲ, ಅವು ಚಿತ್ರದಲ್ಲಿ ಇದ್ದರೂ. ಹಾಗಾಗಿ ಸದ್ಯಕ್ಕೆ ಒಂದೇ ಉಪಾಯ: ಗುಡಿಯ ಹೆಸರಿನಲ್ಲಿ ಹುಡುಕಿ ಚಿತ್ರವನ್ನು ತೆರೆಯುವುದು, ದೊಡ್ಡದು ಮಾಡುವುದು, ಗುಡಿಯನ್ನು ಬಿಟ್ಟು ಎಡಗಡೆಯ ಕೆಳಮೂಲೆಯಿಂದ ನೋಡುತ್ತ ಬರುವುದು.